ಹೋಗಲು ಎಂಟು ಗಂಟೆ, ಬರಲು ಏಳು

ಲಂಡನ್–ನ್ಯೂಯಾರ್ಕ್ ಟಿಕೆಟ್ ಕೈಗೆ ಬಂದಾಗ ಅದರ ಮೇಲಿನ ಸಮಯ ನೋಡಿ ಗೊಂದಲಕ್ಕೆ ಬಿದ್ದೆ. ಬೆಳಿಗ್ಗೆ 10ಕ್ಕೆ ಲಂಡನ್ ಬಿಡುವ ವಿಮಾನ ಮಧ್ಯಾಹ್ನ 1ಕ್ಕೆ ನ್ಯೂಯಾರ್ಕ್ ತಲುಪುತ್ತದೆ. ಮರಳುವ ವಿಮಾನ ಸಂಜೆ 7ಕ್ಕೆ ಹೊರಟು ಮರುದಿನ ಬೆಳಿಗ್ಗೆ 7ಕ್ಕೆ ಇಳಿಯುತ್ತದೆ. ಹೋಗಲು ಮೂರು ಗಂಟೆ, ಬರಲು ಹನ್ನೆರಡೇ? ಗಡಿಯಾರದ ವ್ಯತ್ಯಾಸ ಐದು ಗಂಟೆ ಎಂಬುದು ನೆನಪಾದ ಮೇಲೆ ಅವು ಎಂಟು ಮತ್ತು ಏಳು ಎಂದಾದವು. ಆದರೂ ಆ ಒಂದು ಗಂಟೆ ಎಲ್ಲಿ ಹೋಯಿತು? ನಾನೇ ಲೆಕ್ಕ ಹಾಕಲು ಕುಳಿತೆ.

ಮೊದಲು ದೂರ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟದ್ದು ನನ್ನ ತಪ್ಪು. ಚಪ್ಪಟೆ ನಕ್ಷೆಯಲ್ಲಿ ಉತ್ತರಕ್ಕೆ ಹೋದಷ್ಟೂ ಅಳತೆ ಹಿಗ್ಗುತ್ತದೆ. ಹಾಗಾಗಿ 30 ಸೆಂ.ಮೀ. ವ್ಯಾಸದ ಭೂಗೋಳ ತೆಗೆದು, ಎರಡು ನಗರಗಳ ನಡುವೆ ಹೊಲಿಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದೆ. ದಾರ ತಾನೇ ಜಾರಿ ಅತಿ ಹತ್ತಿರದ ದಾರಿಯಲ್ಲಿ ಕೂತಿತು. ಆ ಕ್ಷಣ ನನಗೆ ಇಂದಿಗೂ ಇಷ್ಟ. ನೇರ ನೈಋತ್ಯಕ್ಕೆ ಇಳಿಯುತ್ತದೆ ಎಂದುಕೊಂಡಿದ್ದ ದಾರ ಮೊದಲು ವಾಯವ್ಯಕ್ಕೆ ತಿರುಗಿ ಐರ್ಲೆಂಡ್ ದಾಟಿ, ನ್ಯೂಫೌಂಡ್‌ಲ್ಯಾಂಡ್ ಮೇಲೆ ಹಾದು ಕೆಳಗಿಳಿಯಿತು. ಉಗುರಿನಿಂದ ಗುರುತು ಮಾಡಿ ಅಳೆದರೆ 13 ಸೆಂ.ಮೀ.ಗಿಂತ ತುಸು ಹೆಚ್ಚು. ಆ ಗೋಳದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ. ಬಳಿಕ ಅಕ್ಷಾಂಶ, ರೇಖಾಂಶ ಹಾಕಿ ಕ್ಯಾಲ್ಕುಲೇಟರ್‌ನಲ್ಲಿ ಭೂಮಿಯ ಕೇಂದ್ರದಿಂದ ಎರಡು ನಗರಗಳ ನಡುವಿನ ಕೋನ ತೆಗೆದೆ: 50 ಡಿಗ್ರಿಗಿಂತ ಚೂರು ಹೆಚ್ಚು. ಡಿಗ್ರಿಗೆ 111 ಕಿ.ಮೀ.ಯಂತೆ ಸುಮಾರು 5,570 ಕಿ.ಮೀ. ದಾರ ಸುಳ್ಳು ಹೇಳಿರಲಿಲ್ಲ.

ಜೆಟ್ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ 6 ಗಂಟೆ 11 ನಿಮಿಷ. ಎರಡೂ ಕಡೆಗೆ ಒಂದೇ ಉತ್ತರ! ಇಲ್ಲಿ ಬಿಟ್ಟುಹೋದದ್ದು ಗಾಳಿ. ವಿಮಾನದ ವೇಗ ಗಾಳಿಗೆ ಹೋಲಿಸಿದ ವೇಗವೇ ಹೊರತು ನೆಲಕ್ಕೆ ಹೋಲಿಸಿದ್ದಲ್ಲ. ಅಟ್ಲಾಂಟಿಕ್ ಮೇಲೆ ಸುಮಾರು 10 ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದನ್ನು ಗಂಟೆಗೆ 100 ಕಿ.ಮೀ. ಎಂದಿಟ್ಟುಕೊಂಡೆ. ಲಂಡನ್‌ನಿಂದ ಹೋಗುವಾಗ ನೆಲದ ವೇಗ 800, ಅಂದರೆ 6 ಗಂಟೆ 58 ನಿಮಿಷ. ಬರುವಾಗ 1,000, ಅಂದರೆ 5 ಗಂಟೆ 34 ನಿಮಿಷ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಸಿಗುವುದಿಲ್ಲ ಎಂಬುದೂ ಆಗಲೇ ಹೊಳೆಯಿತು. ಎರಡನ್ನೂ ಕೂಡಿಸಿದರೆ ಗಾಳಿಯಿಲ್ಲದ ಲೆಕ್ಕಕ್ಕಿಂತ ಒಂಬತ್ತು ನಿಮಿಷ ಹೆಚ್ಚು, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ. ಗಾಳಿ ಬಿರುಸಾದರೆ ಏನಾಗುತ್ತದೆ ಎಂಬುದಕ್ಕೆ 2020ರ ಫೆಬ್ರವರಿಯ ಒಂದು ಹಾರಾಟ ಸಾಕ್ಷಿ: ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೆ ಬಂದಿತ್ತು.

ರನ್‌ವೇವರೆಗಿನ ಓಡಾಟ, ಏರುವಾಗ ಇಳಿಯುವಾಗಿನ ನಿಧಾನ, ನಿಲ್ದಾಣದ ಮೇಲೆ ಸುತ್ತು ಹಾಕುವುದು, ಇವಕ್ಕೆಲ್ಲ ಸೇರಿ ಒಂದು ಗಂಟೆ ಕೂಡಿಸಿದೆ. ಹೋಗುವ ಲೆಕ್ಕ ಎಂಟರ ಹತ್ತಿರ ಬಂತು, ಬರುವ ಲೆಕ್ಕ ಆರೂವರೆ ದಾಟಿತು. ಟಿಕೆಟ್‌ನ ಸಂಖ್ಯೆಗಳು ಕೊನೆಗೂ ಅರ್ಥವಾದವು.

ಒಂದು ಮಾತು ಮಾತ್ರ ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಆ ದಿನಗಳಲ್ಲಿ ಎರಡು ನಗರಗಳ ಗಡಿಯಾರದ ವ್ಯತ್ಯಾಸ ಐದಲ್ಲ, ನಾಲ್ಕೇ ಗಂಟೆ.