ಕುರಿ ದೊಡ್ಡಿಯಲ್ಲೇ ಬೆಳೆದ ನಾಯಿ

ಹೋದ ವರ್ಷ ನಮ್ಮ ದೊಡ್ಡಿಯಿಂದ ತೋಳ ಒಯ್ದದ್ದು ಒಂದೋ ಎರಡೋ ಮರಿ. ಮೊದಲೆಲ್ಲ ವರ್ಷಕ್ಕೆ 15ರ ಮೇಲೆ ಹೋಗುತ್ತಿದ್ದವು. ನಮ್ಮದು ಕುಷ್ಟಗಿ ಸೀಮೆ, ಕೆಂಗುರಿ 100ರ ಆಸುಪಾಸು ಇವೆ. ನಾಯಿಮರಿಯನ್ನು ಕುರಿಗಳ ನಡುವೆಯೇ ಬಿಟ್ಟು ಬೆಳೆಸುತ್ತೇನೆ ಅಂದಾಗ "ಒಮ್ಮೆ ರಕ್ತದ ರುಚಿ ಹತ್ತಿದ್ರ ತೋಳಾನೇ ಪಾಡು ಅನ್ನಿಸ್ತದ" ಅಂದವರೇ ಜಾಸ್ತಿ.

ಮೊದಲು ತಂದದ್ದು ಮುಧೋಳದ ಜೋಡಿ. 20 ಸಾವಿರ ಚಿಲ್ಲರೆ ಆಗಿತ್ತು. ಓಟ ನೋಡಬೇಕು ಅವುಗಳದ್ದು! ಆದರೆ ಮೊಲ ಎದ್ದರೆ ಮುಗೀತು, ಕುರಿ ಎಲ್ಲೋ, ಇವು ಎಲ್ಲೋ. ನಾಯಿಯನ್ನು ಬೈದು ಏನು ಪ್ರಯೋಜನ? ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವುಗಳನ್ನು ಸಾಕಿ ಬೆಳೆಸಿದ್ದೇ ಬೇಟೆಗೆ. ಬಾಗಲಕೋಟೆ ಕಡೆ ಕುರಿ ಹಿಂಡಿನ ಜೊತೆ ಇಟ್ಟುಕೊಂಡವರಿದ್ದಾರೆ, ಅವರ ಹತ್ತಿರ ನನ್ನದೇನೂ ಜಗಳವಿಲ್ಲ. ಅಲ್ಲಿ ನಾಯಿ ಜೊತೆ ಆಳೂ ಇರುತ್ತಾನೆ. ನನಗೆ ಬೇಕಾಗಿದ್ದು ಆಳು ಮಲಗಿದ ಮೇಲೆ ಎದ್ದಿರುವ ನಾಯಿ. ಆಮೇಲೆ ಒಂದು ಜರ್ಮನ್ ಶೆಫರ್ಡ್ ಬಂತು. ಏಪ್ರಿಲ್ ಬಿಸಿಲಿಗೆ ಅದು ಪಡಸಾಲೆ ಬಿಟ್ಟು ಅಲ್ಲಾಡಲಿಲ್ಲ. ಔಷಧಿ ಖರ್ಚು ಮಾತ್ರ ತಪ್ಪದೆ ಬಂತು.

ಆಗ ಹಿಡಿದದ್ದು ಕುರಿ ಕಾಯುವ ಇಟಲಿಯ ಬಿಳಿ ನಾಯಿ ಮಾರೆಮ್ಮಾದ ಹುಚ್ಚು. ಅದರ ಚರಿತ್ರೆ ಓದಿದರೆ ನಮ್ಮ ಸಂಚಾರಿ ಕುರಿಗಾರರೇ ಕಣ್ಣಮುಂದೆ ಬರುತ್ತಾರೆ. ಅಲ್ಲಿನ ಕುರಿಗಾರರು ಬೇಸಿಗೆಯಲ್ಲಿ ಅಬ್ರುಝೋ ಬೆಟ್ಟ ಹತ್ತುತ್ತಿದ್ದರು, ಚಳಿಗಾಲಕ್ಕೆ ಕೆಳಗೆ ಮಾರೆಮ್ಮಾ ಬಯಲಿಗೆ ಇಳಿಯುತ್ತಿದ್ದರು. ನಾಯಿಯೂ ಹಿಂಡಿನ ಜೊತೆಗೇ. ಬೆಟ್ಟದಲ್ಲಿ ಕಂಡವರು ಒಂದು ತಳಿ ಅಂದರು, ಬಯಲಲ್ಲಿ ಕಂಡವರು ಇನ್ನೊಂದು ಅಂದರು. ಕೊನೆಗೆ 1958ರಲ್ಲಿ ಎರಡನ್ನೂ ಸೇರಿಸಿ ಒಂದೇ ತಳಿ ಅಂತ ಬರೆದುಕೊಂಡರು.

ನಾಯಿ ಬಿಳಿ ಇರಬೇಕು ಅನ್ನೋದು ಇನ್ನೂ ಹಳೇ ಮಾತು. ರೋಮ್ ಕಾಲದಲ್ಲಿ ಬೇಸಾಯದ ಬಗ್ಗೆ ಬರೆದ ಕೊಲುಮೆಲ್ಲಾ ಕಾರಣವನ್ನೂ ಹೇಳಿದ್ದಾನೆ: ನಸುಕಿನಲ್ಲಿ ತೋಳ ಅಂದುಕೊಂಡು ನಮ್ಮ ನಾಯಿಗೇ ಹೊಡೆಯಬಾರದಲ್ಲ. ಅವನಿಗಿಂತ ಹಿಂದಿನವನು ವಾರೋ. ಬೇಟೆಗಾರನಿಂದ ನಾಯಿ ಕೊಳ್ಳಬೇಡಿ, ಮೊಲ ಕಂಡರೆ ಕುರಿ ಬಿಟ್ಟು ಓಡುತ್ತೆ. ಕಟುಕನಿಂದಲೂ ಬೇಡ, ಅದು ಸೋಮಾರಿ. ಕುರಿಗಾರನಿಂದಲೇ ತಗೊಳ್ಳಿ ಅಂತ ಬರೆದಿಟ್ಟಿದ್ದಾನೆ. ಎರಡು ಸಾವಿರ ವರ್ಷದ ಹಿಂದೆ! ನನ್ನ 20 ಸಾವಿರ ಹೋದ ಮೇಲೆ ಇದನ್ನು ಓದಿದೆ.

ಮಾರೆಮ್ಮಾ ಸಿಗಲಿಲ್ಲ ಬಿಡಿ. ಒಬ್ಬ ಮಾರಾಟಗಾರ 40 ಸಾವಿರ ಅಡ್ವಾನ್ಸ್ ತಗೊಂಡು ಒಂದು ಮರಿ ಕಳಿಸಿದ. ಬೆಳ್ಳಗಿತ್ತು, ಅಷ್ಟೇ. ಜಗಳ ಆಡಿ ಅರ್ಧ ದುಡ್ಡು ವಾಪಸ್ ತಂದೆ.

ತಳಿ ಸಿಗದಿದ್ದರೆ ಪದ್ಧತಿಯನ್ನಾದರೂ ತರೋಣ ಅಂತ ಹೊರಟೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನ ರೇಮಂಡ್ ಕಾಪಿಂಜರ್ ಇಟಲಿ, ಟರ್ಕಿ, ಯುಗೊಸ್ಲಾವಿಯಾದ ನಾಯಿಗಳನ್ನು ತರಿಸಿ ರೈತರ ಹಿಂಡುಗಳಿಗೆ ಕೊಟ್ಟು ನೋಡಿದ. ಮರಿಗೆ ನಾಲ್ಕು ತಿಂಗಳಾಗುವುದರೊಳಗೆ ಕುರಿ ಜೊತೆ ನಂಟು ಬೆಳೆಯಬೇಕು, ಆಮೇಲೆ ಏನು ಮಾಡಿದರೂ ಅಷ್ಟಕ್ಕಷ್ಟೇ ಅನ್ನೋದು ಅವನ ಮಾತು. ನಮೀಬಿಯಾದಲ್ಲಿ 1994ರಿಂದ ಚೀತಾ ಕಾಟಕ್ಕೆ ಟರ್ಕಿ ಮೂಲದ ನಾಯಿ ಕೊಡುತ್ತಿರುವುದೂ ಇದೇ ದಾರಿಯಲ್ಲಿ.

ನಮ್ಮ ಹೊಲದಲ್ಲಿ ಕುರಿ ತರುಬಿದ್ದ ಕುರಿಗಾರರ ಹೆಣ್ಣು ನಾಯಿ ಮರಿ ಹಾಕಿತ್ತು. ಒಂದೂವರೆ ತಿಂಗಳ ಗಂಡುಮರಿಗೆ 500 ರೂಪಾಯಿ ಮತ್ತು ಒಂದು ಚೀಲ ಜೋಳ ಕೊಟ್ಟೆ. ದೊಡ್ಡಿಯ ಮೂಲೆಗೆ ಬಲೆ ಕಟ್ಟಿ ನಾಲ್ಕಾರು ಕುರಿಮರಿ, ಜೊತೆಗೆ ಹಾಯುವ ಚಟದ ಒಂದು ಮುದಿ ಕುರಿ ಬಿಟ್ಟೆ. ಈ ಮುದಿ ಕುರಿಯೇ ಮುಖ್ಯ. ಎರಡು ಸಲ ಗುದ್ದಿಸಿಕೊಂಡ ನಾಯಿಮರಿ ಮೂರನೇ ಸಲ ಕಿವಿ ಮಡಚಿ, ಹೊಟ್ಟೆ ಮೇಲೆ ಮಾಡಿ ಮಲಗಿತು. ಕುರಿ ಮೂಸಿ ನೋಡಿ ಸುಮ್ನೆ ಹೋಯಿತು. ಅಲ್ಲಿಗೆ ಅರ್ಧ ಕೆಲಸ ಆದ ಹಾಗೆ. ಬಲೆಯ ಕೆಳಗೆ ನಾಯಿಮರಿ ನುಸುಳುವಷ್ಟು ಸಂದು ಮಾತ್ರ ಬಿಟ್ಟಿರಬೇಕು. ಊಟ, ನಿದ್ದೆ ಎಲ್ಲಾ ಅಲ್ಲೇ. ನಿಜಕ್ಕೂ ಕಷ್ಟ ಆದದ್ದು ಮನೆ ಮಕ್ಕಳನ್ನು ಅದರಿಂದ ದೂರ ಇಡುವುದು.

ಏಳೆಂಟು ತಿಂಗಳಿಗೆ ಪುಂಡಾಟ ಶುರುವಾಗುತ್ತೆ. ಒಂದು ಕುರಿಮರಿಯ ಕಿವಿ ಕಚ್ಚಿ ಹರಿಯಿತು, ಇನ್ನೊಂದನ್ನು ಅಟ್ಟಾಡಿಸಿ ಕಾಲು ಮುರಿಯಿತು. "ಹೇಳಿರಲಿಲ್ವಾ?" ಅಂದರು ಎಲ್ಲರೂ. ತುಡುಗು ದನಕ್ಕೆ ಕಟ್ಟುವ ಹಾಗೆ ಕೊರಳಿಗೆ ಮರದ ತುಂಡು ಇಳಿಬಿಟ್ಟೆ. ಓಡಿದರೆ ಮೊಣಕಾಲಿಗೆ ಬಡಿಯುತ್ತೆ. ಎರಡು ಮೂರು ತಿಂಗಳಲ್ಲಿ ಬುದ್ಧಿ ಬಂತು. ಕುರಿ ಈಯುವಾಗ ಬೀಳುವ ಕಸ, ಅಂದರೆ ಮಾಸು, ತಿಂದರೂ ಮರಿ ಮುಟ್ಟದ ಹಾಗೆ ಏನು ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ರಾತ್ರಿಯೆಲ್ಲಾ ರೇಡಿಯೋ ಹಚ್ಚಿಟ್ಟು ನೋಡಿದೆ. ತೋಳ ಒಂದು ವಾರ ದೂರ ಇತ್ತು, ಆಮೇಲೆ ಹಾಡು ಕೇಳುತ್ತಲೇ ಬಂತು. ನಾಯಿಯ ಕೊರಳಿಗೆ ಮೊಳೆ ಪಟ್ಟಿಯನ್ನೂ ಮಾಡಿಸಿದೆ. ಹಿಮಾಚಲದ ಗದ್ದಿ ಕುರಿಗಾರರು ಚಿರತೆ ಕಾಟಕ್ಕೆ ನಾಯಿಗೆ ಕಬ್ಬಿಣದ್ದು ಹಾಕುತ್ತಾರೆ. ನಾನು ವಾರೋ ಹೇಳಿದ ಹಾಗೆ ದಪ್ಪ ಚರ್ಮಕ್ಕೆ ಮೊಳೆ ಹೊಡೆಸಿ, ಮೊಳೆಯ ತಲೆ ಚುಚ್ಚದಂತೆ ಒಳಗೆ ಮೆತ್ತನೆ ಚರ್ಮ ಹೊಲಿಸಿದೆ. ಚಪ್ಪಲಿ ಹೊಲಿಯುವವರು 300 ತಗೊಂಡರು. ಬಲೆ ದಾಟುವಾಗ ಸಿಕ್ಕಿಕೊಳ್ಳುತ್ತೆ ಅಂತ ಈಗ ರಾತ್ರಿ ಮಾತ್ರ ಹಾಕುತ್ತೇನೆ.

ಖರ್ಚು ತಿಂಗಳಿಗೆ 1,200 ಹತ್ತಿರ ಬರುತ್ತೆ. ಜೋಳದ ನುಚ್ಚು, ಮಜ್ಜಿಗೆ, ಚಿಕನ್ ಅಂಗಡಿಯ ಕಾಲು ತಲೆ ಬೇಯಿಸಿದ್ದು. ಕುರಿ ತಲೆ ಹಸಿಯಾಗಿ ಹಾಕಲೇಬೇಡಿ. ನಾಯಿ ಹೊಟ್ಟೆಗೆ ಲಾಡಿಹುಳ ಸೇರಿ, ಅದರ ಮೊಟ್ಟೆ ಮೇವಿಗೆ ಬಿದ್ದು, ಕುರಿಗೆ ತಲೆ ತಿರುಗುವ ರೋಗ ಬರೋದು ಹೀಗೇ. ಮೂರು ತಿಂಗಳಿಗೊಮ್ಮೆ ಜಂತಿನ ಮಾತ್ರೆ, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ತಪ್ಪಿಸಲ್ಲ. ಒಂದು ಕುರಿಮರಿ ಉಳಿದರೆ ಐದಾರು ಸಾವಿರ, ಲೆಕ್ಕ ನೀವೇ ಹಾಕಿ.

ಈಗ ಹೆಣ್ಣುಮರಿ ಒಂದನ್ನು ಅದೇ ಮೂಲೆಯಲ್ಲಿ ಬಿಟ್ಟಿದ್ದೇನೆ. ದೊಡ್ಡ ನಾಯಿ ಜೊತೆಗಿರೋದಕ್ಕೋ ಏನೋ, ಇದು ಬೇಗ ಕಲಿಯುತ್ತಿದೆ. ಮುಂದೆ ಮರಿ ಬೇಕು ಅಂತ ಮೂರ್ನಾಲ್ಕು ಜನ ಹೇಳಿಟ್ಟಿದ್ದಾರೆ. ಕೊಡುತ್ತೇನೆ, ಆದರೆ ಮೊದಲು ಅವರ ದೊಡ್ಡಿ ನೋಡಿ ಬರುತ್ತೇನೆ. ದುಡ್ಡಿನ ಮಾತು ಆಮೇಲೆ.