ಗ್ಯಾಸ್ ಹಡಗಿನ ಆಫೀಸರ್‌ಗಳಿಗೆ ಕಲಿಸೋದು: ನಾನು ಸಿಲಿಂಡರ್‌ನಿಂದ ಶುರು ಮಾಡ್ತೇನೆ

ಲಿಕ್ವಿಡ್ ಮಾಡಿದ ಗ್ಯಾಸ್ ಸಾಗಿಸೋ ಹಡಗಿನ ಆಫೀಸರ್‌ಗಳ ಕ್ಲಾಸಲ್ಲಿ ಮೊದಲ ದಿನ ನಾನು ಪುಸ್ತಕ ತೆಗೀಲಿಕ್ಕೆ ಬಿಡೋದಿಲ್ಲ. ಒಂದೇ ಪ್ರಶ್ನೆ ಕೇಳ್ತೇನೆ, ಮನೆಯ ಅಡಿಗೆ ಗ್ಯಾಸ್ ಮುಕ್ಕಾಲು ಖಾಲಿ ಆಗಿದೆ, ಈಗ ಸಿಲಿಂಡರ್ ಒಳಗಿನ ಪ್ರೆಶರ್ ಎಷ್ಟಾಗಿರಬಹುದು? ವರ್ಷಗಟ್ಟಲೆ ಹಡಗಲ್ಲಿ ಕೆಲಸ ಮಾಡಿ ಬಂದವರೂ ಸೇರಿ ಅರ್ಧ ಕ್ಲಾಸ್ "ಕಾಲು ಭಾಗ ಸರ್" ಅನ್ನುತ್ತೆ. ಹಾಗಲ್ಲ. ಒಳಗೆ ಒಂದಿಷ್ಟು ಲಿಕ್ವಿಡ್ ಇರೋವರೆಗೆ ಪ್ರೆಶರ್ ನಿರ್ಧಾರ ಆಗೋದು ಮುಖ್ಯವಾಗಿ ಟೆಂಪರೇಚರ್‌ನಿಂದ, ಎಷ್ಟು ಉಳಿದಿದೆ ಅನ್ನೋದರಿಂದ ಅಲ್ಲ.

ಆಮೇಲೆ ಮದುವೆ ಮನೆ ನೆನಪು ಮಾಡಿಸ್ತೇನೆ. ನಮ್ಮ ಮಂಗಳೂರು ಕಡೆ ದೊಡ್ಡ ಅಡಿಗೆ ನಡೆಯುವಾಗ ನೋಡಿರ್ತೀರಿ, ದೊಡ್ಡ ಒಲೆ ಗಂಟೆಗಟ್ಟಲೆ ಉರಿದ್ರೆ ಸಿಲಿಂಡರ್ ಹೊರಗೆ ನೀರು ಬೆವರಿ ಬಿಳಿ ಹಿಮ ಕೂತ್ಕೊಳ್ಳುತ್ತೆ, ಬೆಂಕಿ ಸಣ್ಣ ಆಗುತ್ತೆ, ಅಡಿಗೆ ಭಟ್ರು "ಗ್ಯಾಸ್ ಎಳೀತಾ ಇಲ್ಲ" ಅಂತಾರೆ. ಲಿಕ್ವಿಡ್ ಆವಿ ಆಗ್ಲಿಕ್ಕೆ ಶಾಖ ಬೇಕು, ಹೊರಗಿಂದ ಬರೋ ಶಾಖ ಸಾಲದೇ ಹೋದ್ರೆ ಅದು ತನ್ನಿಂದಲೇ ತಗೊಂಡು ತಣ್ಣಗಾಗುತ್ತೆ, ತಣ್ಣಗಾದ್ರೆ ಪ್ರೆಶರ್ ಇಳಿಯುತ್ತೆ. ಹಡಗಿನ ರಿಲಿಕ್ವಿಫಿಕೇಶನ್ ಪ್ಲಾಂಟ್ ಅಂದ್ರೂ ಇದೇ ಲೆಕ್ಕ, ಆವಿಯನ್ನು ಎಳೆದು ಕಂಪ್ರೆಸ್ ಮಾಡಿ ತಣಿಸಿ ಮತ್ತೆ ಲಿಕ್ವಿಡ್ ಮಾಡಿ ಟ್ಯಾಂಕಿಗೆ ಬಿಡೋದು, ಅಷ್ಟೇ. ಪ್ರೋಪೇನ್ ಮೈನಸ್ 42 ಡಿಗ್ರಿಗೆ ಕುದಿಯುತ್ತೆ, ಅಮೋನಿಯಾ ಮೈನಸ್ 33ಕ್ಕೆ, ಎಲ್‌ಎನ್‌ಜಿ, ಅಂದ್ರೆ ಲಿಕ್ವಿಡ್ ಮಾಡಿದ ನೈಸರ್ಗಿಕ ಅನಿಲ, ಸುಮಾರು ಮೈನಸ್ 162ಕ್ಕೆ. ಈ ಅಂಕೆಗಳು ಎಲ್ಲರಿಗೂ ಬಾಯಿಪಾಠ ಬರುತ್ತೆ. ಆದ್ರೆ ವಾಲ್ವ್ ತಿರುಗಿಸೋ ಹೊತ್ತಿಗೆ ಆ ಅಂಕೆ ಕೈಗೆ ಬರೋದಿಲ್ಲ, ನನಗೂ ಬಂದಿರ್ಲಿಲ್ಲ.

ಸೆಕೆಂಡ್ ಮೇಟ್ ಆಗಿದ್ದಾಗಿನ ಮಾತು. ಸೆಮಿ ರೆಫ್ರಿಜರೇಟೆಡ್ ಹಡಗು, ಅಂದ್ರೆ ಗ್ಯಾಸನ್ನು ಪ್ರೆಶರ್ ಮತ್ತು ತಂಪು ಎರಡರಿಂದಲೂ ಲಿಕ್ವಿಡ್ ಆಗಿ ಇಡೋದು, ಡ್ರೈಡಾಕಲ್ಲಿ ರಿಪೇರಿ ಮುಗಿಸಿ ಬಂದಿತ್ತು, ಟ್ಯಾಂಕ್ ಪೂರ್ತಿ ಬೆಚ್ಚಗಿತ್ತು. ಇನರ್ಟ್ ಮಾಡಿ (ಬೆಂಕಿ ಹತ್ತದ ಗ್ಯಾಸ್ ತುಂಬಿ ಒಳಗಿನ ಗಾಳಿ ಹೊರಹಾಕಿ), ಗ್ಯಾಸಿಂಗ್ ಅಪ್ (ಆ ಜಾಗಕ್ಕೆ ಕಾರ್ಗೋ ಆವಿ ತುಂಬೋದು) ಮುಗಿಸಿ ಪ್ರೋಪೇನ್ ಸ್ಪ್ರೇ ಬಿಟ್ಟು ಕೂಲ್‌ಡೌನ್ ಮಾಡ್ತಾ ಇದ್ವಿ, ನನ್ನ ವಾಚ್. ಟೆಂಪರೇಚರ್ ಇಳಿಯೋದು ತುಂಬ ನಿಧಾನ ಅನ್ನಿಸ್ತು, ಬೇಗ ತಂಪಾಗ್ಲಿ ಅಂತ ಸ್ಪ್ರೇ ವಾಲ್ವ್ ಇನ್ನೂ ಸ್ವಲ್ಪ ತೆಗೆದೆ. ಬಿಸಿ ಕಾವಲಿಗೆ ನೀರು ಚಿಮುಕಿಸಿದ ಹಾಗೆ, ಬಿದ್ದ ಲಿಕ್ವಿಡ್ ಎಲ್ಲ ಅಲ್ಲೇ ಆವಿ ಆಯ್ತು, ಕಂಪ್ರೆಸರ್‌ಗೆ ಅಷ್ಟು ಆವಿ ಎಳೀಲಿಕ್ಕೆ ಆಗ್ಲಿಲ್ಲ, ಟ್ಯಾಂಕಿನ ಪ್ರೆಶರ್, ಜಾಸ್ತಿ ಆದ್ರೆ ತಾನೇ ತೆರೆದುಕೊಳ್ಳೋ ರಿಲೀಫ್ ವಾಲ್ವ್‌ನ ಸೆಟ್ಟಿಂಗ್ ಕಡೆಗೆ ಹತ್ತಿಕೊಂಡು ಹೋಯ್ತು, ನಾನು ಗೇಜ್ ನೋಡ್ತಾ ನಿಂತುಬಿಟ್ಟಿದ್ದೆ. ಚೀಫ್ ಆಫೀಸರ್ ಬಂದು ಸ್ಪ್ರೇ ಮುಚ್ಚಿದ್ರು. ರಿಲೀಫ್ ವಾಲ್ವ್ ತೆರೆದುಕೊಳ್ಳೋವರೆಗೆ ಹೋಗ್ಲಿಲ್ಲ. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ, "ವಾಲ್ವ್ ತೆಗೆಯೋ ಮೊದಲು, ತೆಗೆದ್ರೆ ಏನಾಗುತ್ತೆ ಅಂತ ಯೋಚಿಸಿದ್ಯಾ?" ಅಂತ ಕೇಳಿದ್ರು. ಚೆಕ್‌ಲಿಸ್ಟಲ್ಲಿ ಎಲ್ಲ ಟಿಕ್ ಹಾಕಿದ್ದೆ, ಈ ಪ್ರಶ್ನೆಗೆ ಮಾತ್ರ ಉತ್ತರ ಇರ್ಲಿಲ್ಲ.

ನಾನೀಗ ಮುಂಬೈಯಲ್ಲಿ ಕಲಿಸುವಾಗ ಇಟ್ಟಿರೋ ನಿಯಮ ಅಲ್ಲಿಂದ ಬಂದದ್ದು. ಸಿಮ್ಯುಲೇಟರಲ್ಲಿ ಯಾವ ವಾಲ್ವ್, ಯಾವ ಪಂಪ್ ಮುಟ್ಟೋದಕ್ಕೂ ಮೊದಲು ಬಾಯಿಬಿಟ್ಟು ಹೇಳ್ಬೇಕು: ಪ್ರೆಶರ್ ಎತ್ತ ಹೋಗುತ್ತೆ, ಟೆಂಪರೇಚರ್ ಎತ್ತ ಹೋಗುತ್ತೆ, ಲೆವೆಲ್ ಎತ್ತ ಹೋಗುತ್ತೆ, ಎಷ್ಟು ಹೊತ್ತಲ್ಲಿ. ಹೇಳಿದ ಹಾಗೆ ಆಗ್ಲಿಲ್ಲ ಅಂದ್ರೆ ಕೆಲಸ ನಿಲ್ಲಿಸ್ಬೇಕು, ಕಾರಣ ಆಮೇಲೆ ಹುಡುಕೋಣ. ಮೊದಲ ದಿನ ಇದು ಎಲ್ಲರಿಗೂ ಕಿರಿಕಿರಿ, ಮೂರನೇ ದಿನಕ್ಕೆ ಒಬ್ಬರನ್ನೊಬ್ಬರು ಕೇಳ್ಲಿಕ್ಕೆ ಶುರು ಮಾಡ್ತಾರೆ.

ನಾನು ಹೆಚ್ಚು ಹೊತ್ತು ಕೊಡೋದು ಟ್ಯಾಂಕ್ ತುಂಬೋ ಕೊನೆ ಗಳಿಗೆಗೆ. ಗ್ಯಾಸ್ ಹಡಗುಗಳ ಅಂತರರಾಷ್ಟ್ರೀಯ ನಿಯಮಾವಳಿ ಐಜಿಸಿ ಕೋಡ್ ಪ್ರಕಾರ ಸಾಮಾನ್ಯವಾಗಿ ಟ್ಯಾಂಕಿನ ಶೇಕಡ 98ಕ್ಕಿಂತ ಜಾಸ್ತಿ ಲಿಕ್ವಿಡ್ ಇರ್ಬಾರ್ದು, ಅದೂ ಲೋಡ್ ಮಾಡುವಾಗಿನ ಲೆಕ್ಕ ಅಲ್ಲ, ಕಾರ್ಗೋ ಬಿಸಿಯಾಗಿ ಹಿಗ್ಗಿದ ಮೇಲಿನ ಲೆಕ್ಕ. ಹಾಗಾಗಿ ತಣಿಸದೆ ಬರೀ ಪ್ರೆಶರ್‌ನಲ್ಲಿ ಗ್ಯಾಸ್ ಇಡೋ ಪ್ರೆಶರೈಸ್ಡ್ ಹಡಗಲ್ಲಿ ತಣ್ಣನೆ ಪ್ರೋಪೇನ್ ಲೋಡ್ ಮಾಡುವಾಗ 90ರ ಒಳಗೇ ನಿಲ್ಲಿಸಬೇಕಾಗಿ ಬರಬಹುದು. ಎಕ್ಸರ್‌ಸೈಜ್ ಮಧ್ಯದಲ್ಲಿ ನಾನು ಯಾರಿಗೂ ಹೇಳದೆ ಒಂದು ಟ್ಯಾಂಕಿನ ಲೆವೆಲ್ ತೋರಿಸೋ ಫ್ಲೋಟ್ ಗೇಜ್ ಸಿಕ್ಕಿಕೊಂಡ ಹಾಗೆ ಮಾಡ್ತೇನೆ. ಲೋಡಿಂಗ್ ರೇಟ್ ಅಷ್ಟೇ ಇದೆ, ಲೆವೆಲ್ ಮಾತ್ರ ಏರ್ತಾ ಇಲ್ಲ. "ಇನ್ನೂ ಜಾಗ ಉಂಟು" ಅಂತ ಕೆಲವರು ಮುಂದುವರಿಸ್ತಾರೆ. ಐದು ನಿಮಿಷದ ಮುಂಚೆ ಲೆವೆಲ್ ಎಷ್ಟಾಗುತ್ತೆ ಅಂತ ಹೇಳಿದ್ದವನು ಮಾತ್ರ ಅಲ್ಲೇ ಎದ್ದು ನಿಲ್ತಾನೆ.

ಎಮರ್ಜೆನ್ಸಿ ಶಟ್‌ಡೌನ್ ಬಟನ್ ಒತ್ತೋದಕ್ಕೂ ಪ್ರಾಕ್ಟೀಸ್ ಬೇಕು ಅಂದ್ರೆ ಹೊರಗಿನವರು ನಂಬೋದಿಲ್ಲ. ಕಿರಿಯ ಆಫೀಸರ್‌ಗೆ ಹೆದರಿಕೆ ಇರುತ್ತೆ, ಸುಮ್ಮನೆ ನಿಲ್ಲಿಸಿದ್ರೆ ಟರ್ಮಿನಲ್‌ನವರು ಏನಂತಾರೆ, ಕ್ಯಾಪ್ಟನ್ ಏನಂತಾರೆ ಅಂತ. ಅದಕ್ಕೆ ಪ್ರತಿ ಬ್ಯಾಚಲ್ಲಿ ಎಲ್ಲರಿಗಿಂತ ಚಿಕ್ಕವನ ಕೈಲೇ ಒತ್ತಿಸ್ತೇನೆ, ಕ್ಯಾಪ್ಟನ್ ಪಾರ್ಟ್ ಮಾಡೋ ಹಿರಿಯರಿಗೆ "ಥ್ಯಾಂಕ್ಸ್, ಈಗ ನೋಡೋಣ ಏನಾಯ್ತು" ಅಂತ ಹೇಳೋದನ್ನು ಕಲಿಸ್ತೇನೆ. ಈ ಎರಡನೇದು ಜಾಸ್ತಿ ಕಷ್ಟ. ವಾಲ್ವ್‌ಗಳು 30 ಸೆಕೆಂಡ್ ಒಳಗೆ ಮುಚ್ಚಬೇಕು, ಆದ್ರೆ ಓಡ್ತಿರೋ ಲಿಕ್ವಿಡ್‌ಗೆ ತೀರಾ ಜೋರಾಗಿ ಬಾಗಿಲು ಹಾಕಿದ್ರೆ ಪೈಪಲ್ಲಿ ಸರ್ಜ್ ಪ್ರೆಶರ್, ಅಂದ್ರೆ ದಿಢೀರ್ ಹೊಡೆತ, ಬರುತ್ತೆ, ಅದಕ್ಕೇ ಹಡಗಿನ ಮತ್ತು ದಡದ ಶಟ್‌ಡೌನ್ ಲಿಂಕ್ ಮಾಡೋದು, ಕೆಲಸ ಶುರು ಮಾಡೋ ಮೊದಲೇ ಟೆಸ್ಟ್ ಮಾಡೋದು.

ಸಾಧಾರಣ ಉಕ್ಕಿನ ತುಂಡೊಂದನ್ನು ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ಗೆ ಅದ್ದಿ ಸುತ್ತಿಗೇಲಿ ಹೊಡೆದು ತೋರಿಸ್ತೇವೆ. ಬಿಸ್ಕತ್ತಿನ ಹಾಗೆ ಮುರಿಯುತ್ತೆ. 1944ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಲ್ಲಿ ಎಲ್‌ಎನ್‌ಜಿ ಟ್ಯಾಂಕ್ ಒಡೆದು ಬೆಂಕಿಯಲ್ಲಿ ಸುಮಾರು 130 ಜನ ಸತ್ತದ್ದನ್ನು ಆಗ ಹೇಳ್ತೇನೆ, ಆ ಟ್ಯಾಂಕಿನ ಉಕ್ಕಲ್ಲಿ ನಿಕಲ್ ಇದ್ದದ್ದು ಶೇಕಡ 3.5, ಆ ಚಳಿಗೆ ಅದು ಸಾಲದು. ಹಡಗಿನ ಪೈಪ್ ದಡದ ಪೈಪಿಗೆ ಸೇರೋ ಮ್ಯಾನಿಫೋಲ್ಡ್ ಕೆಳಗೆ, ಸೋರಿದ್ದನ್ನು ಹಿಡಿಯೋ ಡ್ರಿಪ್ ಟ್ರೇ ಯಾಕೆ, ಹಡಗಿನ ಪಕ್ಕಕ್ಕೆ ನೀರಿನ ಪರದೆ ಯಾಕೆ ಅಂತ ಆಮೇಲೆ ಯಾರೂ ಕೇಳೋದಿಲ್ಲ.

ಅಮೋನಿಯಾದ್ದು ಬೇರೆಯೇ ಪಾಠ, ಒಂದೇ ಮಾತು ಹೇಳ್ತೇನೆ, ಎಣ್ಣೆ ಉರಿಸಿ ಮಾಡಿದ ಇನರ್ಟ್ ಗ್ಯಾಸನ್ನು ಅದರ ಹತ್ರ ತರಬೇಡಿ. ಅದರಲ್ಲಿರೋ ಕಾರ್ಬನ್ ಡೈಆಕ್ಸೈಡ್ ಅಮೋನಿಯಾ ಜೊತೆ ಸೇರಿ ಕಾರ್ಬಮೇಟ್ ಅನ್ನೋ ಬಿಳಿ ಪುಡಿ ಆಗಿ ಲೈನ್, ವಾಲ್ವ್ ಎಲ್ಲ ಕಟ್ಟಿಕೊಳ್ಳುತ್ತೆ.

ನನಗೆ ತುಂಬ ಸಂಕಟ ಆಗೋ ಪಾಠ ನೈಟ್ರೋಜನ್. ವಾಸನೆ ಇಲ್ಲ, ಉರಿ ಇಲ್ಲ, ಕೆಮ್ಮು ಬರೋದಿಲ್ಲ. ಆಕ್ಸಿಜನ್ ಶೇಕಡ 20.9 ಇರೋ ಕಡೆಯಿಂದ ಬರೀ ನೈಟ್ರೋಜನ್ ತುಂಬಿದ ಜಾಗಕ್ಕೆ ಇಳಿದವನು ಎರಡು ಉಸಿರಲ್ಲಿ ಬೀಳಬಹುದು, ಅವನನ್ನು ಎತ್ತಲಿಕ್ಕೆ ಓಡಿದವನೂ ಅವನ ಪಕ್ಕದಲ್ಲೇ ಬೀಳ್ತಾನೆ. ಹಡಗಲ್ಲಿ ಇಂಥ ಮುಚ್ಚಿದ ಜಾಗಕ್ಕೆ ಇಳಿಯೋದು, ಬಿದ್ದವರನ್ನು ಎತ್ತೋದರ ಅಭ್ಯಾಸ, ಅಂದ್ರೆ ಎನ್‌ಕ್ಲೋಸ್ಡ್ ಸ್ಪೇಸ್ ಡ್ರಿಲ್, ಎರಡು ತಿಂಗಳಿಗೊಮ್ಮೆ ಕಡ್ಡಾಯ ಆದದ್ದು 2015ರಿಂದ. ನಾನು ಡ್ರಿಲ್ ಮಾಡಿಸುವಾಗ ಒಳಗೆ ಬಿದ್ದಿರೋ ಬೊಂಬೆಗೆ, ಡ್ರಿಲ್ ಮಾಡೋ ಹುಡುಗನ ರೂಮ್‌ಮೇಟ್ ಹೆಸರಿಡ್ತೇನೆ. ಕ್ರೂರ ಅಂತ ಒಬ್ಬರು ಹೇಳಿದ್ರು. ಆದ್ರೆ ನಿಜ ಹೇಳ್ತೇನೆ, ಸ್ನೇಹಿತನ ಹೆಸರು ಕೇಳಿದ ತಕ್ಷಣ ಕಾಲು ತಾನೇ ಓಡುತ್ತೆ, ಆ ಕಾಲನ್ನು ಮ್ಯಾನ್‌ಹೋಲ್ ಬಾಯಲ್ಲೇ ನಿಲ್ಲಿಸಿ ಅಲಾರ್ಮ್ ಒತ್ತೋದನ್ನ, ಬ್ರೀದಿಂಗ್ ಸೆಟ್ ಬರೋವರೆಗೆ ಕಾಯೋದನ್ನ ಇಲ್ಲೇ ಕಲೀಬೇಕು.

ಕೋರ್ಸ್ ಮುಗಿದ್ರೆ ಸಾಲದು, ಗ್ಯಾಸ್ ಹಡಗಿನ ಕಾರ್ಗೋ ಕೆಲಸದ ಜವಾಬ್ದಾರಿಗೆ ಬೇಕಾದ ಅಡ್ವಾನ್ಸ್ಡ್ ಸರ್ಟಿಫಿಕೇಟಿಗೆ ಗ್ಯಾಸ್ ಟ್ಯಾಂಕರಲ್ಲಿ ಮೂರು ತಿಂಗಳ ಸರ್ವಿಸ್ ಬೇಕು, ಇಲ್ಲ ಅಂದ್ರೆ ಹೆಚ್ಚುವರಿ ಆಫೀಸರ್ ಆಗಿ ಕನಿಷ್ಠ ಒಂದು ತಿಂಗಳು, ಅದರಲ್ಲಿ ಮೂರು ಲೋಡಿಂಗ್ ಮೂರು ಡಿಸ್ಚಾರ್ಜ್. ಹೋಗೋರಿಗೆಲ್ಲ ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ ಅಂತೇನೆ, ಎಡಗಡೆ "ಹೇಳಿದ್ದು", ಬಲಗಡೆ "ಆದದ್ದು". ಕಾರವಾರದ ಹುಡುಗ ಒಬ್ಬ ರಜೆಗೆ ಬಂದಾಗ ತನ್ನ ನೋಟ್‌ಬುಕ್ ತೋರಿಸಿದ. ಮೂರನೇ ಡಿಸ್ಚಾರ್ಜ್ ದಿನ ಮ್ಯಾನಿಫೋಲ್ಡ್ ಪ್ರೆಶರ್ ಅವನು ಬರೆದದ್ದಕ್ಕಿಂತ ಜಾಸ್ತಿ ಏರ್ತಾ ಇತ್ತು, ದಡದಲ್ಲಿ ಟ್ಯಾಂಕ್ ಬದಲಾಯಿಸುವಾಗ ಒಂದು ವಾಲ್ವ್ ಪೂರ್ತಿ ತೆರೆದಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತಂತೆ. ಬಲಗಡೆ ಪೆನ್ಸಿಲಲ್ಲಿ ಬರೆದಿದ್ದ: "ಹೇಳಿದ ಹಾಗೆ ಆಗ್ಲಿಲ್ಲ, ಚೀಫ್ ಆಫೀಸರ್‌ಗೆ ಹೇಳಿ ಪಂಪ್ ನಿಲ್ಲಿಸಿದೆ."