ನೆಟ್‌ವರ್ಕ್ ಇಲ್ಲದ ಶಾಲೆಯಲ್ಲಿ ಪಾಸ್‌ವರ್ಡ್ ಪಾಠ: ನನ್ನ ಅನುಭವ

ನೆಟ್‌ವರ್ಕೇ ಇಲ್ಲದ ಶಾಲೆಯಲ್ಲಿ ಡಿಜಿಟಲ್ ಪೌರತ್ವವನ್ನು, ಅಂದರೆ ಫೋನು, ಇಂಟರ್ನೆಟ್ಟುಗಳನ್ನು ಸುರಕ್ಷಿತವಾಗಿ, ಜವಾಬ್ದಾರಿಯಿಂದ ಬಳಸುವುದನ್ನು, ಕಲಿಸುವುದೆಂದರೆ ಕೆರೆಯಿಲ್ಲದ ಊರಿನಲ್ಲಿ ಈಜು ಕಲಿಸಿದ ಹಾಗೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಸಭೆಯಲ್ಲೇ ಹೇಳಿದ್ದರು. ಮೂರು ವರ್ಷಗಳ ನಂತರ ಅವರೇ ತಮ್ಮ ಶಾಲೆಗೂ ಇದೇ ವ್ಯವಸ್ಥೆ ಮಾಡಿಕೊಡಿ ಎಂದು ಕೇಳಿರುವುದರಿಂದ, ಎಡವಿದ ಕಡೆಗಳನ್ನೂ ಸೇರಿಸಿ ಬರೆದಿಡುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನ ಪ್ರೌಢಶಾಲೆ. ಮಳೆಗಾಲದಲ್ಲಿ ಸಿಗ್ನಲ್ಲೂ ಕರೆಂಟೂ ಒಟ್ಟಿಗೇ ಹೋಗುತ್ತವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾದಲ್ಲಿ ಪಾಠ ನೋಡಿ ಬನ್ನಿ ಎಂದದ್ದು ನನ್ನ ಮೊದಲ ಸೋಲು. ಒಂಬತ್ತನೇ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ನೋಡಿ ಬಂದವರು ಆರೇಳು ಮಂದಿ; ಉಳಿದವರ ಮನೆಯ ಫೋನು ಅಪ್ಪನ ಜೊತೆ ತೋಟಕ್ಕೆ ಹೋಗಿರುತ್ತಿತ್ತು.

ಆಮೇಲೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ತಂದು, ಇಂಟರ್ನೆಟ್ ಇಲ್ಲದೆಯೂ ಪಾಠ, ಕ್ವಿಜ್ ನಡೆಸಬಲ್ಲ ಕೊಲಿಬ್ರಿ ತಂತ್ರಾಂಶವನ್ನು ಅದಕ್ಕೆ ಹಾಕಿದೆ. ಪೈ, ರೂಟರ್, ಆರು ಹಳೆಯ ಟ್ಯಾಬ್ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು ಖರ್ಚಾಯಿತು. ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಆರು ಸಾವಿರ ಕೊಟ್ಟಿತು, ಉಳಿದದ್ದು ನನ್ನ ಸಂಬಳದ್ದು. ಅಗ್ಗದ ಮೆಮೊರಿ ಕಾರ್ಡ್ ಕರೆಂಟು ಹೋಗಿ ಬಂದ ಹೊಡೆತಕ್ಕೆ ಎರಡು ಸಲ ಕೆಟ್ಟು, ಎರಡು ತಿಂಗಳ ಪ್ರಗತಿ ದಾಖಲೆ ಅಳಿಸಿಹೋಯಿತು. ತಾನು ಚಾರ್ಜ್ ಆಗುತ್ತಲೇ ಪೈಗೂ ಕರೆಂಟು ಕೊಡುವ ಪವರ್ ಬ್ಯಾಂಕ್ ಬೇಕೆಂದು ತಿಳಿಯುವಷ್ಟರಲ್ಲಿ, ಆ ಗುಣವಿಲ್ಲದ ಒಂದಕ್ಕೆ ಸಾವಿರದ ಇನ್ನೂರು ದಂಡ ತೆತ್ತಿದ್ದೆ.

ಸಮಯ ಉಳಿಯಲೆಂದು ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗುವಂತೆ ಇಟ್ಟಿದ್ದೆ. ಒಂದು ದಿನ ಹುಡುಗನೊಬ್ಬ ಸಹಪಾಠಿಯ ಹೆಸರಿನಲ್ಲಿ ಕ್ವಿಜ್ ಬರೆದು ಬೇಕೆಂದೇ ಎಲ್ಲ ತಪ್ಪು ಉತ್ತರ ಕೊಟ್ಟ. ಆ ಹುಡುಗಿ ಅಳುತ್ತಾ ನಿಂತಾಗ, ಬರೆದದ್ದು ಇವಳಲ್ಲ ಎಂದು ಹೇಗೆ ಸಾಬೀತು ಮಾಡುತ್ತೀರಿ ಎಂದು ತರಗತಿಯನ್ನೇ ಕೇಳಿದೆ. ಅರ್ಧ ಗಂಟೆಯ ಚರ್ಚೆಯ ಕೊನೆಗೆ ಪಾಸ್‌ವರ್ಡ್ ಬೇಕೆಂದು ಮಕ್ಕಳೇ ಹೇಳಿದರು. ನಾನು ತಿಂಗಳಿಡೀ ಭಾಷಣ ಮಾಡಿದ್ದರೂ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಮರುವಾರ ಊರಿನ ಹೆಸರು, ಹುಟ್ಟಿದ ವರ್ಷ ಇಟ್ಟುಕೊಂಡಿದ್ದ ಹದಿನೈದು ಮಂದಿಯ ಪಾಸ್‌ವರ್ಡುಗಳನ್ನು ಗೆಳೆಯರೇ ಊಹಿಸಿ ತೋರಿಸಿದರು.

ಮುಂದಿನ ಹೆಜ್ಜೆಯಾಗಿ ವಂಚನೆಯ ಸಂದೇಶಗಳನ್ನು ನಾನೇ ತಯಾರಿಸಿ, ನಿಜವಾದವುಗಳ ನಡುವೆ ಬೆರೆಸಿ, ಟ್ಯಾಬ್‌ನಲ್ಲಿ ಗುರುತಿಸಲು ಕೊಟ್ಟೆ. ಅವುಗಳನ್ನು ಹೇಗೆ ಬೆರೆಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷದ ಮಕ್ಕಳೂ ಇದನ್ನು ಓದಬಹುದು. ಮೊದಲ ಸಲ ಮೂರರಲ್ಲಿ ಎರಡು ಪಾಲು ಮಕ್ಕಳು ಮೋಸಹೋದರು, ನಾಲ್ಕನೆಯ ಸಲ ನಾಲ್ಕೈದು ಮಂದಿ. ಅಡಿಕೆ ಮಾರಿದ ಹಣ ಬರುತ್ತದೆಂದು ಯುಪಿಐ ಪಿನ್ ಒತ್ತಲು ಹೊರಟಿದ್ದ ತಾತನನ್ನು ನಮ್ಮ ಹುಡುಗಿಯೊಬ್ಬಳು "ಅಜ್ಜಾ, ದುಡ್ಡು ಬರೋಕೆ ಪಿನ್ ಹಾಕೋದು ಬೇಡ" ಎಂದು ತಡೆದಳು. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದು ಈಗ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ.

ನಡುವೆ ಇಂಟರ್ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಕಿವಿಕ್ಸ್ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನೂ ಹಾಕಿ, ಇಕ್ಕೇರಿಯ ಅಘೋರೇಶ್ವರ ದೇವಾಲಯದ ಬಗ್ಗೆ ಸಿಕ್ಕಷ್ಟನ್ನು ಓದಿಸಿ, ದೇವಾಲಯಕ್ಕೇ ಕರೆದೊಯ್ದು ಹೋಲಿಸಲು ಹೇಳಿದೆ. ಅಲ್ಲಿ ಹುಡುಗನೊಬ್ಬ ಅಪರಿಚಿತರ ಫೋಟೊ ತೆಗೆದ. ಉಳಿದವರು ಅವರನ್ನು ಕೇಳಿದೆಯಾ ಎಂದು ತರಾಟೆಗೆ ತೆಗೆದುಕೊಂಡು ಅಲ್ಲೇ ಅಳಿಸಿಸಿದರು. ನಾನು ಬಾಯಿ ತೆರೆಯಬೇಕಾಗಲಿಲ್ಲ.

ಈಗ ಎರಡು ಟ್ಯಾಬ್‌ಗಳ ಬ್ಯಾಟರಿ ಉಬ್ಬಿವೆ. ಜೂನ್‌ಗೆ ಮೊದಲು ಬದಲಿಸಲು ಮೂರು ಸಾವಿರ ಹೊಂದಿಸಬೇಕಾಗಿದೆ. ಈ ಸಲ ಎಸ್‌ಡಿಎಂಸಿಯವರು ತಾವಾಗಿಯೇ ಲೆಕ್ಕ ಕೇಳಿದ್ದಾರೆ.